ಇಂಗ್ಲೆಂಡಿನ ಚಳಿಗೆ ಯಾವ ನಿಂಬೆ ಗಿಡ?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಗಾರ್ಡನ್ ಸೆಂಟರಿನಲ್ಲಿ ಸಾಲಾಗಿ ಇಟ್ಟ ಕುಂಡಗಳು, ಮೊಣಕಾಲೆತ್ತರದ ಗಿಡದಲ್ಲಿ ತೂಗುವ ಹಳದಿ ಹಣ್ಣು, ಕೆಳಗೆ ಒಂದು ಸಾಲು: "ಇದರಲ್ಲಿ ಯಾವುದು ತಗೊಳ್ಳಲಿ?" ಕೇಳುವವರೆಲ್ಲ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಇರುವ ನಮ್ಮವರೇ. ಊರಲ್ಲಿ ಚಿತ್ರಾನ್ನ ಕಲಸುವ ಹೊತ್ತಿಗೆ ಹಿತ್ತಲಿಗೆ ಓಡಿ ನಿಂಬೆಹಣ್ಣು ಕಿತ್ತು ತಂದವರು. ಇಲ್ಲಿ ಒಂದೊಂದೇ ಹಣ್ಣು ಎಣಿಸಿ ಕೊಳ್ಳುವಾಗ ಆಸೆ ಹುಟ್ಟುವುದು ಸಹಜ ಅಲ್ವಾ?

ಉತ್ತರ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. "ಜನವರಿಯಲ್ಲಿ ಇದನ್ನ ಎಲ್ಲಿ ಇಡ್ತೀರಿ?" ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದೇಶದಲ್ಲಿ ನಿಂಬೆ ಜಾತಿಯ ಯಾವ ಗಿಡವಾದರೂ ಹೊರಗೆ ಚೆನ್ನಾಗಿಯೇ ಇರುತ್ತದೆ. ಕಷ್ಟವೆಲ್ಲ ಉಳಿದ ಎಂಟು ತಿಂಗಳಲ್ಲಿ. ಹಾಗಾಗಿ ಹಣ್ಣು ನೋಡಿ ಗಿಡ ಆರಿಸಬೇಡಿ, ಚಳಿಗಾಲದ ಜಾಗ ನೋಡಿ ಆರಿಸಿ. ಅರಮನೆಯವರೂ ಇದರಲ್ಲಿ ಎಡವಿದ್ದಾರೆ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ 1761ರಲ್ಲಿ ಕಿತ್ತಳೆ ಗಿಡಗಳಿಗೆಂದೇ ಒಂದು ದೊಡ್ಡ ಕಟ್ಟಡ ಕಟ್ಟಿದರು. ಹೆಸರೇ ಆರೆಂಜರಿ. ಒಳಗೆ ಬೆಳಕು ಸಾಲದೆ ಗಿಡಗಳು ಏಳಲೇ ಇಲ್ಲ. ಈಗ ಅಲ್ಲಿ ರೆಸ್ಟೋರೆಂಟ್ ಇದೆ. ಹೋದರೆ ಕಾಫಿ ಕುಡಿದು ಬನ್ನಿ, ಕಿಟಕಿಗಳನ್ನೂ ಒಮ್ಮೆ ನೋಡಿ.

ಮೊದಲು ಮನೆಯನ್ನೇ ಅಳೆಯಿರಿ

ಇಲ್ಲಿಯ ಮನೆಗಳಲ್ಲಿ ಗಿಡಕ್ಕೆ ಸಿಗುವ ಜಾಗ ಮೂರು ಥರ. ಒಂದು, ಹೀಟಿಂಗ್ ಇರುವ ಕೋಣೆ. 18ರಿಂದ 20 ಡಿಗ್ರಿ ಬೆಚ್ಚಗಿರುತ್ತದೆ, ಆದರೆ ಬೆಳಕು ಕಡಿಮೆ, ಗಾಳಿ ಒಣ. ಎರಡು, ಹೀಟಿಂಗ್ ಇಲ್ಲದ ಕನ್ಸರ್ವೇಟರಿ, ಅಂದರೆ ಮನೆಗೆ ಅಂಟಿಕೊಂಡ ಗಾಜಿನ ಕೋಣೆ. ಬೆಳಕು ಧಾರಾಳ, ಆದರೆ ರಾತ್ರಿ 3-4 ಡಿಗ್ರಿಗೆ ಇಳಿಯಬಹುದು, ಕೆಟ್ಟ ಚಳಿಯಲ್ಲಿ ಇನ್ನೂ ಕೆಳಗೆ. ಮೂರು, ಹೊರಗೆ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡ.

ಗಿಡಕ್ಕೆ ದುಡ್ಡು ಹಾಕುವ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ದಿನದ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು. ಜನವರಿಯಲ್ಲಿ ಒಂದು ವಾರ ಅದನ್ನು ಕುಂಡ ಕೂರುವ ಎತ್ತರದಲ್ಲೇ ಇಡಿ. ನಾವು ನಿಂತ ಎತ್ತರದಲ್ಲಿ ಹಾಯೆನಿಸುವ ಕೋಣೆ ನೆಲದ ಹತ್ತಿರ ಕೊರೆಯುತ್ತಿರುತ್ತದೆ.

ಬೆಳಕಿನ ಲೆಕ್ಕವನ್ನೂ ಮಾಡಿ. ಡಿಸೆಂಬರ್ ಕೊನೆಗೆ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಅದರಲ್ಲೂ ಮುಕ್ಕಾಲು ಭಾಗ ಮೋಡ. ಬೆಚ್ಚಗಿನ ಕೋಣೆಯಲ್ಲಿ ಕೂತ ಗಿಡ ಚಿಗುರಲು ನೋಡುತ್ತದೆ, ಬೆಳಕಿಲ್ಲದೆ ಆ ಚಿಗುರು ಬಿಳಿಚಿಕೊಂಡು ಉದ್ದುದ್ದ ಎಳೆಯುತ್ತದೆ. ತಂಪು ಜಾಗದಲ್ಲಿ ಗಿಡ ನಿದ್ದೆ ಮಾಡುತ್ತದೆ, ಅದಕ್ಕೆ ಬೆಳಕು ಕಮ್ಮಿಯಾದರೂ ನಡೆಯುತ್ತದೆ.

ಜಾಗ ಗೊತ್ತಾದ ಮೇಲೆ ಅಡಿಗೆಮನೆಯ ಪ್ರಶ್ನೆ. ನಿಮಗೆ ಬೇಕಿರುವುದು ಹುಳಿಯಾ, ಘಮವಾ, ತಿನ್ನುವ ಹಣ್ಣಾ, ಉಪ್ಪಿನಕಾಯಿಗಾ? ಆಮೇಲೆ ತಾಳ್ಮೆ ಮತ್ತು ದುಡ್ಡು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಳ್ಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನನ್ನ ಗಿಡ ಬೋಳಾದದ್ದು

ಒಂದೊಂದು ಗಿಡದ ಮಾತಿಗೆ ಹೋಗುವ ಮೊದಲು ನಾನು ಕೆಟ್ಟದ್ದು ಹೇಗೆ ಅಂತ ಹೇಳುತ್ತೇನೆ. ಇದು ತಿಳಿದರೆ ಮುಂದಿನ ಅಂಕಿಗಳಿಗೆ ಅರ್ಥ ಬರುತ್ತದೆ.

ಮೊದಲ ವರ್ಷ 45 ಪೌಂಡ್ ಕೊಟ್ಟು ಒಂದು ಲೆಮನ್ ಗಿಡ ತಂದೆ. ಕನ್ಸರ್ವೇಟರಿಯ ದಕ್ಷಿಣ ಮೂಲೆಯಲ್ಲಿ, ಟೈಲ್ಸ್ ನೆಲದ ಮೇಲೆ ಇಟ್ಟೆ. ಜನವರಿಯಲ್ಲಿ ನಾಲ್ಕೈದು ದಿನ ಒಳ್ಳೇ ಬಿಸಿಲು ಬಂತು. ಗಿಡಕ್ಕೆ ಹಬ್ಬ ಅಂದುಕೊಂಡೆ. ಆರನೇ ದಿನ ಬೆಳಿಗ್ಗೆ ನೋಡಿದರೆ ನೆಲದ ತುಂಬ ಹಸಿರು ಎಲೆ. ಹಳದಿಯಾಗಿರಲಿಲ್ಲ, ಒಣಗಿರಲಿಲ್ಲ. ಮುಟ್ಟಿದರೆ ಸಾಕು, ಟಪ್ ಅಂತ ಉದುರುತ್ತಿದ್ದವು. ಎಲೆ ಉದುರಿ ತೊಟ್ಟುಗಳಷ್ಟೇ ಕೊಂಬೆಯಲ್ಲಿ ಮುಳ್ಳಿನ ಹಾಗೆ ನಿಂತಿದ್ದವು. ನೀರು ಸಾಲಲಿಲ್ಲವೇನೋ ಅಂತ ಇನ್ನಷ್ಟು ಸುರಿದೆ. ಮಾರ್ಚ್ ಹೊತ್ತಿಗೆ ಬೇರು ಕೊಳೆತು ಗಿಡ ಸತ್ತಿತ್ತು.

ಆದದ್ದು ಇಷ್ಟೇ. ಬಿಸಿಲು ಬಿದ್ದ ಎಲೆ ಬೆಚ್ಚಗಾಗಿ ನೀರು ಕೇಳಿತು. ತಣ್ಣನೆಯ ಟೈಲ್ಸ್ ಮೇಲೆ ಕೂತ ಬೇರು ಕೊಡಲಿಲ್ಲ. ಮಣ್ಣು ಸುಮಾರು 12-13 ಡಿಗ್ರಿಗಿಂತ ತಣ್ಣಗಾದರೆ ನಿಂಬೆ ಜಾತಿಯ ಬೇರು ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ನೀರು ಕುಂಡದಲ್ಲೇ ಇದ್ದರೂ ಗಿಡಕ್ಕೆ ಬರಗಾಲ. ಕೈಲಿರುವ ಎಲೆಯನ್ನೆಲ್ಲ ಬಿಸಾಕಿ ಜೀವ ಉಳಿಸಿಕೊಳ್ಳಲು ನೋಡುತ್ತದೆ. ಅಷ್ಟರಲ್ಲಿ ನಾವು ನೀರು ಹೊಯ್ದು ಕೊಲ್ಲುತ್ತೇವೆ.

ಈಗ ನನ್ನ ಕುಂಡಗಳೆಲ್ಲ ಮರದ ಸ್ಟೂಲಿನ ಮೇಲೆ, ಕೆಳಗೊಂದು ಥರ್ಮೋಕೋಲ್ ಹಾಳೆ. ಚಳಿಗಾಲದ ನೇರ ಬಿಸಿಲಿಗೆ ಒಂದು ತೆಳು ಪರದೆ. ಬೆರಳು ಎರಡು ಗೆಣ್ಣು ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಅದಾದ ಮೇಲೆ ಒಂದು ಗಿಡವೂ ಬೋಳಾಗಿಲ್ಲ.

ಅಂಗಡಿ ಹಣ್ಣಿನ ಬೀಜ

ಖರ್ಚಿಲ್ಲದ ದಾರಿ, ಅದಕ್ಕೇ ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ. ಸೂಪರ್ ಮಾರ್ಕೆಟ್ಟಿನ ಹಸಿರು ಲೈಮ್‌ನಲ್ಲಿ ಸಾಮಾನ್ಯವಾಗಿ ಬೀಜವೇ ಇರುವುದಿಲ್ಲ, ಅದು ಬೇರೆ ಜಾತಿ. ನಮ್ಮ ಅಂಗಡಿಗಳಲ್ಲಿ ಸಿಗುವ ತೆಳುಸಿಪ್ಪೆಯ ಚಿಕ್ಕ ಹಣ್ಣು ಕೊಯ್ದರೆ ಬೀಜ ಸಿಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಕಡೆ ತೋಟಗಟ್ಟಲೆ ಬೆಳೆಯುವ ಲಿಂಬೆಯೂ ಇದೇ ಬಳಗ. ಇದರ ಬೀಜ ಹಾಕಿದರೆ ಬಹುಪಾಲು ತಾಯಿ ಗಿಡದಂಥದ್ದೇ ಸಸಿ ಬರುತ್ತದೆ, ಅದು ಒಳ್ಳೆಯದು. ಕೆಟ್ಟದ್ದೇನೆಂದರೆ ಇಡೀ ಬಳಗದಲ್ಲಿ ಚಳಿ ಕಂಡರೆ ಅತಿ ಹೆದರುವವರಲ್ಲಿ ಇದೂ ಒಂದು. ಸೊನ್ನೆ ಡಿಗ್ರಿ ಮುಟ್ಟಿದರೆ ಎಲೆ ಸುಟ್ಟ ಹಾಗಾಗುತ್ತದೆ. ಊರಿನ ಸೆಕೆಯಲ್ಲೇ ಬೀಜದ ಗಿಡ ಕಾಯಿ ಬಿಡಲು ನಾಲ್ಕೈದು ವರ್ಷ ಬೇಕು. ಇಲ್ಲಿಯ ಕಿಟಕಿಯಲ್ಲಿ ಅದನ್ನು ನಂಬಿ ಕೂರಬೇಡಿ.

ಆದರೂ ನನ್ನ ಅಡಿಗೆಮನೆಯ ಕಿಟಕಿಯಲ್ಲಿ ಅಂಥ ಎರಡು ಸಸಿ ಇವೆ. ಹಣ್ಣಿಗಲ್ಲ, ಎಲೆಗೆ. ಮಜ್ಜಿಗೆಗೆ ಉಪ್ಪು, ಶುಂಠಿ, ಹಸಿಮೆಣಸಿನಕಾಯಿ ಹಾಕಿ ಎರಡು ನಿಂಬೆ ಎಲೆ ಹರಿದು ಹಾಕಿ ನೋಡಿ. ಆ ಘಮಕ್ಕೆ ಗಿಡ ಹೂ ಬಿಡಬೇಕಾಗಿಲ್ಲ. ಸುಮ್ನೆ ಎಲೆ ಇದ್ದರೆ ಸಾಕು. ಬಾಡಿಗೆ ಮನೆಯಲ್ಲಿ ಇದ್ದು, ವರ್ಷ ವರ್ಷ ಮನೆ ಬದಲಿಸುವವರಿಗೆ ನಾನು ಹೇಳುವುದು ಇದನ್ನೇ.

ಲೆಮನ್ ಮತ್ತು ಮೇಯರ್

ಗಾರ್ಡನ್ ಸೆಂಟರಿನಲ್ಲಿ ಲೆಮನ್ ಅಂತ ಚೀಟಿ ಹಚ್ಚಿದ್ದು ಸಾಮಾನ್ಯವಾಗಿ ಯುರೇಕಾ ಥರದ್ದು. ವರ್ಷದಲ್ಲಿ ಹಲವು ಸಲ ಹೂ ಬಿಡುತ್ತದೆ. ಹುಳಿ ಗಟ್ಟಿ, ಚಿತ್ರಾನ್ನಕ್ಕೂ ಸಾರಿಗೂ ನಡೆಯುತ್ತದೆ. ಆದರೆ ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಮಾತ್ರ ಅದು ನೆಮ್ಮದಿಯಾಗಿರುತ್ತದೆ. ಅಂದರೆ ಕನ್ಸರ್ವೇಟರಿಗೆ ಸ್ವಲ್ಪ ಹೀಟರ್ ಬೇಕು. ಇಲ್ಲಿಯ ವಿದ್ಯುತ್ ಬಿಲ್ ಗೊತ್ತಲ್ಲ, ಒಂದು ಚಳಿಗಾಲದ ಹೀಟರ್ ಖರ್ಚು ಗಿಡದ ಬೆಲೆಯನ್ನೇ ದಾಟಬಹುದು.

ಮೇಯರ್ ಈ ಕಷ್ಟಕ್ಕೆ ಉತ್ತರ. ಅಮೆರಿಕದ ಕೃಷಿ ಇಲಾಖೆಗಾಗಿ ಗಿಡ ಹುಡುಕಿಕೊಂಡು ಊರೂರು ಅಲೆದ ಫ್ರಾಂಕ್ ಮೇಯರ್ 1908ರಲ್ಲಿ ಚೀನಾದ ಬೀಜಿಂಗ್ ಹತ್ತಿರದಿಂದ ಒಯ್ದ ಗಿಡ ಇದು. ಅಲ್ಲಿ ಅದನ್ನು ಅಂದಕ್ಕೆಂದು ಕುಂಡದಲ್ಲೇ ಬೆಳೆಸುತ್ತಿದ್ದರು. ಕುಂಡದ ಬಾಳು ಅದಕ್ಕೆ ಹೊಸದೇನಲ್ಲ. ಅದರಲ್ಲಿ ಕಿತ್ತಳೆ ಬಳಗದ ರಕ್ತವೂ ಇರುವುದರಿಂದ ಹಣ್ಣು ದುಂಡಗೆ, ಸಿಪ್ಪೆ ನುಣುಪು, ಬಣ್ಣ ಹಳದಿಗಿಂತ ಒಂದು ಛಾಯೆ ಕೆಂಪು. ರಾತ್ರಿ 5 ಡಿಗ್ರಿ ಇದ್ದರೂ ಹಾಯಾಗಿರುತ್ತದೆ. ಒಂದೆರಡು ರಾತ್ರಿ ಸೊನ್ನೆಗೆ ಇಳಿದರೂ ಸಾಯುವುದಿಲ್ಲ.

ಬೆಲೆ 35ರಿಂದ 60 ಪೌಂಡ್ ಆಸುಪಾಸು. ಕಸಿ ಗಿಡವೋ ಕಡ್ಡಿ ನೆಟ್ಟು ಬೇರು ಬರಿಸಿದ್ದೋ ಆಗಿರುವುದರಿಂದ ತಂದ ವರ್ಷವೇ ಹೂ ನೋಡಬಹುದು. ಆದರೆ ಹೂವಿನಿಂದ ಹಣ್ಣಾಗಲು ಇಲ್ಲಿ ಎಂಟು ತಿಂಗಳು, ಕೆಲವು ಸಲ ವರ್ಷ. ಒಳಗೇ ಹೂ ಬಿಟ್ಟರೆ ಜೇನುಹುಳ ಬರುವುದಿಲ್ಲ. ಸಣ್ಣ ಬ್ರಷ್ ತೆಗೆದುಕೊಂಡು ಹೂವಿಂದ ಹೂವಿಗೆ ಮುಟ್ಟಿಸಿದರೆ ಹೀಚು ಜಾಸ್ತಿ ನಿಲ್ಲುತ್ತದೆ.

ಮೇಯರ್‌ನಲ್ಲಿ ಒಂದೇ ಕೊರತೆ: ಹುಳಿ ಸಾಲದು. ಒಂದು ಹಣ್ಣು ಹಾಕುವ ಕಡೆ ಒಂದೂವರೆ ಬೇಕು. ಚಿತ್ರಾನ್ನ ಸ್ವಲ್ಪ ಸಪ್ಪೆ ಅನಿಸುತ್ತದೆ, ನಮ್ಮಮ್ಮ ಬಂದಿದ್ದಾಗ ಬಾಯಿಗಿಟ್ಟ ತಕ್ಷಣ "ಹುಳಿ ಎಲ್ಲೋ?" ಅಂದರು. ಪಾನಕಕ್ಕೆ, ಶರಬತ್ತಿಗೆ ಮಾತ್ರ ಇದಕ್ಕೆ ಸಮ ಇಲ್ಲ.

ಕ್ಯಾಲಮಾಂಡಿನ್ ಮತ್ತು ಕುಮ್‌ಕ್ವಾಟ್

ಎರಡೂ ಗೋಲಿಯಂಥ ಕಿತ್ತಳೆ ಬಣ್ಣದ ಹಣ್ಣು ಬಿಡುತ್ತವೆ, ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿರುತ್ತಾರೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆದರೆ ಸ್ವಭಾವ ಉಲ್ಟಾ.

ಕ್ಯಾಲಮಾಂಡಿನ್ ಹಣ್ಣು ದುಂಡಗೆ. ಫಿಲಿಪೀನ್ಸ್‌ನವರು ಕಲಮಾನ್ಸಿ ಅನ್ನುತ್ತಾರೆ, ನಾವು ನಿಂಬೆ ಹಿಂಡುವ ಕಡೆಯೆಲ್ಲ ಅದನ್ನು ಹಿಂಡುತ್ತಾರೆ. ಹೀಟಿಂಗ್ ಇರುವ ಕೋಣೆಗೆ ಒಗ್ಗುವ ಗಿಡ ಬೇಕೆಂದರೆ ಇದೇ. 13 ಡಿಗ್ರಿಗಿಂತ ಮೇಲಿದ್ದರೆ ಚಳಿಗಾಲದಲ್ಲೂ ಹೂ, ಹೀಚು, ಹಣ್ಣು ಒಟ್ಟಿಗೇ ಇರುತ್ತವೆ. ಬೆಲೆಯೂ ಕಡಿಮೆ, ಚಿಕ್ಕ ಗಿಡ 20 ಪೌಂಡಿನ ಸುತ್ತ ಸಿಗುತ್ತದೆ. ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ. ರಸ ನಿಜವಾಗಿಯೂ ಹುಳಿ. ಒಂದು ತಟ್ಟೆ ಚಿತ್ರಾನ್ನಕ್ಕೆ ನಾಲ್ಕೈದು ಹಣ್ಣು ಬೇಕು, ಬೀಜ ತೆಗೆಯುವುದು ರೇಜಿಗೆ, ಅಷ್ಟೇ. ಬಣ್ಣ ನೋಡಿ ಮೋಸಹೋಗಬೇಡಿ, ಮನೆಗೆ ಬಂದ ಮಕ್ಕಳು ಕಿತ್ತಳೆ ಅಂತ ಬಾಯಿಗೆ ಹಾಕಿಕೊಂಡು ಮುಖ ಕಿವುಚುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕುಮ್‌ಕ್ವಾಟ್ ಹಣ್ಣು ಮೊಟ್ಟೆಯಾಕಾರ. ಸಿಪ್ಪೆ ಸಿಹಿ, ಒಳಗಿನ ತೊಳೆ ಹುಳಿ, ಸಿಪ್ಪೆ ಸಮೇತ ತಿನ್ನಬೇಕು. ಚಳಿಯಲ್ಲಿ ಇದು ಗಟ್ಟಿಯಾಗಿ ನಿದ್ದೆ ಹೋಗುತ್ತದೆ, 7 ಡಿಗ್ರಿಯ ತಂಪು ಕೋಣೆ ಅದಕ್ಕೆ ಹಿತ. ಒಂದೆರಡು ಹಿಮದ ರಾತ್ರಿಯನ್ನೂ ತಡೆಯುತ್ತದೆ. ಬೆಚ್ಚಗಿನ ಕೋಣೆಯಲ್ಲಿಟ್ಟರೆ ಮಾತ್ರ ಸೊರಗುತ್ತದೆ. ಹೂ ಬಿಡಲು ಬೇಸಿಗೆಯ ಸೆಕೆ ಬೇಕು, ಹಾಗಾಗಿ ತಂಪಾದ ಬೇಸಿಗೆಯ ವರ್ಷ ಕಾಯಿ ಕಡಿಮೆ. ಬಿಟ್ಟ ವರ್ಷ ಉಪ್ಪಿನಕಾಯಿ ಹಾಕಿ. ನಾಲ್ಕಾಗಿ ಸೀಳಿ, ಉಪ್ಪು, ಖಾರದಪುಡಿ, ಹುರಿದ ಮೆಂತ್ಯ, ಇಂಗು, ಒಂದು ಚೂರು ಬೆಲ್ಲ. ಈ ಒಂದು ಬಾಟಲಿಗಾಗಿಯೇ ನಾನು ಆ ಗಿಡ ಇಟ್ಟುಕೊಂಡಿದ್ದೇನೆ.

ತಿನ್ನುವ ಕಿತ್ತಳೆ ಬೇಕೆಂದರೆ

ಕೊಡಗಿನ ಕಿತ್ತಳೆಯ ಸಿಪ್ಪೆ ಬಿಡಿಸಿದಾಗ ಬರುವ ಆ ವಾಸನೆ ಇಲ್ಲಿ ಬೆಳೆಯಲಾಗದು, ಅದನ್ನು ಮರೆತುಬಿಡಿ. ಆದರೆ ಸತ್ಸುಮಾ ಇದೆ. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿ ತುಂಬುವ, ಬೀಜವಿಲ್ಲದ, ಸಡಿಲ ಸಿಪ್ಪೆಯ ಜಪಾನೀ ಕಿತ್ತಳೆ. ಸಿಹಿಯಾಗಲು ಬೇರೆ ಕಿತ್ತಳೆಗಳಷ್ಟು ಸೆಕೆ ಬೇಡ, ಅದೇ ಅದರ ಹೆಚ್ಚುಗಾರಿಕೆ. ದೊಡ್ಡ ಗಿಡ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿನ ಚಳಿಯನ್ನೂ ಸ್ವಲ್ಪ ಹೊತ್ತು ತಡೆದೀತು. ಹೀಟಿಂಗ್ ಇಲ್ಲದ ಕನ್ಸರ್ವೇಟರಿ ಇದಕ್ಕೆ ಸರಿಯಾದ ಮನೆ. ವರ್ಷಕ್ಕೆ ಒಂದೇ ಬೆಳೆ. ಅಂಗಡಿಯಲ್ಲಿ ಒಂದು ಚೀಲ ಎರಡು ಪೌಂಡಿಗೆ ಸಿಗುವಾಗ ಇದಕ್ಕೆ ಇಷ್ಟು ಜಾಗ ಕೊಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನಾನು ಕೊಟ್ಟಿಲ್ಲ.

ಹೊರಗೇ ನಿಲ್ಲುವಂಥವು

ಕನ್ಸರ್ವೇಟರಿ ಇಲ್ಲ, ತೋಟ ಇದೆ ಅನ್ನುವವರಿಗೆ ಯೂಜು. ಜಪಾನ್, ಕೊರಿಯಾದ ಅಡಿಗೆಯಲ್ಲಿ ಇದರ ಸಿಪ್ಪೆಗೆ ನಮ್ಮಲ್ಲಿ ಇಂಗಿಗಿರುವಷ್ಟು ಮರ್ಯಾದೆ. ಬೇರೂರಿದ ಗಿಡ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನವರೆಗೂ ತಾಳುತ್ತದೆ. 2022ರ ಡಿಸೆಂಬರ್‌ನಲ್ಲಿ ಇಡೀ ದೇಶ ಹೆಪ್ಪುಗಟ್ಟಿದ ಆ ವಾರವೂ ನನ್ನ ಯೂಜು ಗೋಡೆಗೆ ಒರಗಿ, ಫ್ಲೀಸ್ ಬಟ್ಟೆ ಹೊದ್ದು ಬದುಕಿಕೊಂಡಿತು. ಹಣ್ಣಿನಲ್ಲಿ ರಸಕ್ಕಿಂತ ಬೀಜವೇ ಜಾಸ್ತಿ. ಮುಳ್ಳು ಬೆರಳುದ್ದ. ಬೆಲೆಯೂ ಮೇಯರ್‌ಗಿಂತ ಹೆಚ್ಚು. ಕಸಿ ಗಿಡವನ್ನೇ ಕೊಳ್ಳಿ. ಬೀಜದ ಯೂಜು ಹದಿನೆಂಟು ವರ್ಷ ಕಾಯಿಸುತ್ತದೆ ಅಂತ ಜಪಾನಿನಲ್ಲಿ ಗಾದೆಯೇ ಇದೆ, ಅದರಲ್ಲಿ ಯೂಜುವನ್ನು ದಡ್ಡ ಅಂತಲೂ ಕರೆದಿದ್ದಾರೆ.

ಅದಕ್ಕಿಂತ ಗಟ್ಟಿಯಾದದ್ದು ಮೂರೆಲೆಯ ಕಾಡು ಕಿತ್ತಳೆ, ಪೊನ್ಸಿರಸ್. ಚಳಿಗಾಲದಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ, ಹಿಮ ಲೆಕ್ಕಕ್ಕೇ ಇಲ್ಲ. ಹಣ್ಣು ಕಹಿ, ಬಾಯಿಗಿಡಲಾಗದು. ಬೇಲಿಗೆ ಆದೀತು. ಆದರೆ ನೀವು ಕೊಳ್ಳುವ ಕಸಿ ಗಿಡಗಳಲ್ಲಿ ಹಲವಕ್ಕೆ ಬೇರು ಇದರದ್ದೇ. ಕಸಿ ಗಂಟಿನ ಕೆಳಗಿಂದ ಮೂರು ಮೂರು ಎಲೆಯ ಚಿಗುರು ಬಂದರೆ ತಕ್ಷಣ ಚಿವುಟಿ, ಬಿಟ್ಟರೆ ಮೇಲಿನ ಗಿಡವನ್ನೇ ನುಂಗುತ್ತದೆ. ನನ್ನ ಗೆಳೆಯನೊಬ್ಬ ಅದನ್ನು ಬಿಲ್ವಪತ್ರೆ ಅಂದುಕೊಂಡು ಶಿವರಾತ್ರಿಗೆಂದು ಜೋಪಾನ ಮಾಡಿದ್ದ. ಪೂರ್ತಿ ತಪ್ಪೇನಲ್ಲ. ಬಿಲ್ವ, ನಿಂಬೆ, ಕರಿಬೇವು ಎಲ್ಲ ಒಂದೇ ಕುಟುಂಬದವು. ಶಿವರಾತ್ರಿ ಹೊತ್ತಿಗೆ ಅವನ ಲೆಮನ್ ಮಾತ್ರ ಹೋಗಿತ್ತು.

ಹೇರಳೆಕಾಯಿ ಕೇಳುವವರಿಗೆ

ಊರಿಂದ ಹೇರಳೆ ಸಸಿ ತರಬಹುದಾ ಅಂತ ಕೇಳಬೇಡಿ. ನಿಂಬೆ ಜಾತಿಯ ಗಿಡಗಳನ್ನು ಭಾರತದಿಂದ ಬ್ರಿಟನ್ನಿಗೆ ತರುವಂತಿಲ್ಲ, ಬ್ಯಾಗಿನಲ್ಲಿ ಸುತ್ತಿಟ್ಟು ತಂದರೂ ತಪ್ಪೇ. ರೋಗ, ಕೀಟ ಹರಡುವ ಭಯ ಅವರಿಗೆ. ಗೊಜ್ಜಿನ ಆಸೆಯಾದರೆ ಜನವರಿಯಲ್ಲಿ ಅಂಗಡಿಗೆ ಬರುವ ಸೆವಿಲ್ ಕಿತ್ತಳೆ ತನ್ನಿ. ಇಲ್ಲಿಯವರು ಮಾರ್ಮಲೇಡ್ ಮಾಡಲು ಕೊಳ್ಳುತ್ತಾರೆ. ಆ ಹುಳಿ, ಆ ಕಹಿ ನನ್ನ ನಾಲಿಗೆಗೆ ಹೇರಳೆಕಾಯಿಗೆ ತೀರಾ ಹತ್ತಿರ. ರಸ ಹಿಂಡಿ ಚಿತ್ರಾನ್ನಕ್ಕೆ ಹಾಕಿ, ಉಳಿದದ್ದು ಫ್ರೀಜರಿಗೆ.

ಹಾಗಾದರೆ ಯಾರಿಗೆ ಯಾವುದು?

ಫ್ಲ್ಯಾಟಿನಲ್ಲಿದ್ದು ಒಂದು ಒಳ್ಳೆಯ ಕಿಟಕಿ ಇದ್ದರೆ ಕ್ಯಾಲಮಾಂಡಿನ್, ಮೇಲೊಂದು ಎಲ್‌ಇಡಿ ದೀಪ ಹಾಕಿದರೆ ಇನ್ನೂ ಒಳ್ಳೆಯದು. ರೇಡಿಯೇಟರಿನ ಮೇಲೆ ಮಾತ್ರ ಇಡಬೇಡಿ. ತಂಪು ಕನ್ಸರ್ವೇಟರಿ ಇದ್ದು ಒಂದೇ ಗಿಡ ಅಂದರೆ ಮೇಯರ್, ನನಗೆ ಅದರಲ್ಲಿ ಎರಡು ಮಾತಿಲ್ಲ. ಎರಡಕ್ಕೆ ಜಾಗವಿದ್ದರೆ ಪಕ್ಕಕ್ಕೆ ಕುಮ್‌ಕ್ವಾಟ್. ಹೀಟರ್ ಖರ್ಚಿಗೆ ತಲೆಕೆಡಿಸಿಕೊಳ್ಳದವರು ಯುರೇಕಾ ಇಡಿ, ಗಟ್ಟಿ ಹುಳಿ ಸಿಗುತ್ತದೆ. ತೋಟವಷ್ಟೇ ಇರುವವರು ಯೂಜು ನೆಡಿ, ಮಕ್ಕಳು ಚೆಂಡಾಡುವ ಕಡೆ ಬೇಡ. ದುಡ್ಡೇ ಇಲ್ಲವೆಂದರೆ ಬೀಜ ಊರಿ, ಎಲೆ ಕೊಯ್ಯಿರಿ. ಲೆಕ್ಕ ಹಾಕಿ ನೋಡಿದರೆ ಯಾವ ಗಿಡದ ಹಣ್ಣೂ ಅಂಗಡಿ ಹಣ್ಣಿಗಿಂತ ಅಗ್ಗ ಬೀಳುವುದಿಲ್ಲ. ಮೇ ತಿಂಗಳಲ್ಲಿ ಹೂ ಬಿಟ್ಟಾಗ ಮನೆಯೆಲ್ಲ ಘಮ್ಮೆನ್ನುತ್ತದಲ್ಲ, ನಾನು ದುಡ್ಡು ಕೊಟ್ಟಿದ್ದು ಅದಕ್ಕೆ ಅಂದುಕೊಂಡಿದ್ದೇನೆ.

ಯಾವುದನ್ನೇ ತಂದರೂ ಜೊತೆಗೆ ಒಂದು ಮಳೆನೀರಿನ ಡ್ರಮ್ ಇಡಿ. ಥೇಮ್ಸ್ ಕಣಿವೆಯ ನಲ್ಲಿ ನೀರು ಗಡಸು, ಕೆಟಲಿನ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿಯೇ ಇರುತ್ತೀರಿ. ಅದೇ ನೀರು ವರ್ಷಗಟ್ಟಲೆ ಹಾಕಿದರೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ, ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಗೊಬ್ಬರವೂ ಎರಡು ಥರ ಸಿಗುತ್ತದೆ, ಬೇಸಿಗೆಗೊಂದು, ಚಳಿಗಾಲಕ್ಕೊಂದು. ಬೇಸಿಗೆಯದ್ದರಲ್ಲಿ ಸಾರಜನಕ ಜಾಸ್ತಿ.

ಕೊಳ್ಳುವುದಿದ್ದರೆ ಮೇ ಕೊನೆಗೆ ಕೊಳ್ಳಿ, ಕ್ರಿಸ್‌ಮಸ್ಸಿಗೆ ಉಡುಗೊರೆಯಾಗಿ ಅಲ್ಲ. ಬೇಸಿಗೆಯಿಡೀ ಹೊರಗಿದ್ದು ಗಟ್ಟಿಯಾದ ಗಿಡವೇ ಮೊದಲ ಚಳಿಗಾಲ ದಾಟುವುದು. ಅಂಗಡಿಯಲ್ಲಿ ಹಣ್ಣು ಎಣಿಸುವುದು ಬಿಟ್ಟು ಎಲೆ ಮಗುಚಿ ನೋಡಿ. ನಡುನರದ ಪಕ್ಕ ಕಂದು ಹುರುಪೆಯಂಥದ್ದು ಅಂಟಿದ್ದರೆ, ಕವಲಿನಲ್ಲಿ ಬಿಳಿ ಹತ್ತಿಯಂಥದ್ದು ಇದ್ದರೆ, ಎಲೆ ಮುಟ್ಟಿದಾಗ ಬೆರಳು ಅಂಟಂಟಾದರೆ ಆ ಗಿಡ ಅಲ್ಲೇ ಇರಲಿ, ಪಕ್ಕದ್ದು ನೋಡಿ.